ಸ್ವಿಚ್ ಕಾಯುವವಳು

ಏಸಿ ಸರ್ವಿಸ್ ಮಾಡುವ ಗಂಡನ ಜೊತೆ ಅವಳೂ ಕೆಲಸಕ್ಕೆ ಹೊರಟಿದ್ದು ಮದುವೆಯಾದ ವರ್ಷವೇ. ಅವನು ಬಾಲ್ಕನಿಯಲ್ಲಿ ಹೊರಗಿನ ಯೂನಿಟ್ ಬಿಚ್ಚಿ ತೊಳೆಯುವಾಗ ಒಳಗೆ ಯಾರೂ ಆನ್ ಮಾಡದಂತೆ ಸ್ವಿಚ್ ಕಾಯುವುದು ಅವಳ ಪಾಲಿನ ಕೆಲಸ. ಆವತ್ತು ನಾದಿನಿಯ ವಿಷಯಕ್ಕೆ ಜಗಳವಾಗಿ ಇಬ್ಬರಿಗೂ ಬೆಳಗ್ಗೆಯಿಂದ ಮಾತಿರಲಿಲ್ಲ.

ಮನೆಯ ಯಜಮಾನರು ಬೆವರು ಒರೆಸಿಕೊಳ್ಳುತ್ತಾ ಬಂದರು. "ಇನ್ನೂ ಎಷ್ಟೊತ್ತಮ್ಮ? ಒಂದ್ಸಲ ಹಾಕಿ ನೋಡ್ತೀನಿ ಇರು," ಎಂದು ಕೈ ಚಾಚಿದರು. ಅವಳು ಸ್ವಿಚ್ಚನ್ನು ಅಂಗೈಯಿಂದ ಮುಚ್ಚಿಬಿಟ್ಟಳು.

"ಬೇಡಿ ಸಾರ್. ನಮ್ಮೆಜಮಾನ್ರ ಕೈ ಹೊರಗಿನ ಯೂನಿಟ್ ಫ್ಯಾನೊಳಗಿದೆ."

"ನಮ್ಮನೆ ಸ್ವಿಚ್ ಮುಟ್ಟೋಕೆ ನಿನ್ನ ಅಪ್ಪಣೆ ಬೇಕಾ?" ಅವರು ಅವಳ ಕೈ ಸರಿಸಲು ನೋಡಿದರು.

"ರೀ, ಕೈ ಹೊರಗೆ ತೆಗೀರಿ," ಎಂದು ಅವಳು ಕೂಗಿದಳು. ಯೂನಿಟ್ ತೊಳೆಯುವ ನೀರಿನ ಪಂಪಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅವಳು ಬೆನ್ನನ್ನೇ ಬೋರ್ಡಿಗೆ ಒತ್ತಿ ನಿಂತಳು. ಯಜಮಾನರ ಮುಖ ಕೆಂಪೇರಿತು.

ಪಂಪ್ ನಿಂತಿತು. ಮೊಣಕೈವರೆಗೂ ಕೆಸರಾಗಿದ್ದ ಗಂಡ ಬಾಗಿಲಲ್ಲಿ ಕಾಣಿಸಿಕೊಂಡ. ಆ ಕೈಗಳನ್ನು ನೋಡಿದ ಯಜಮಾನರು, "ಬೇಗ ಮುಗಿಸಿ," ಎಂದಷ್ಟೇ ಗೊಣಗಿ ಒಳಗೆ ಹೋದರು.

"ಏನಾಯ್ತೇ?" ಎಂದ ಅವನು.

ಅವಳು ಅವನ ಎರಡೂ ಕೈಗಳನ್ನು ನೋಡಿದಳು. ಆದರೂ ಬೋರ್ಡಿನಿಂದ ಬೆನ್ನು ತೆಗೆಯುವ ಧೈರ್ಯ ಬರಲಿಲ್ಲ.