ದೀಪ ಆರಿದರೂ ಕುಕ್ಕಿದ ಕೋಳಿ

ಮೆಲ್ಕಾರ್ ಜಂಕ್ಷನ್ನಿನಿಂದ ಪಾಣೆಮಂಗಳೂರಿಗೆ ತಿರುಗುವಲ್ಲಿ ದಮಯಂತಿಯ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅಲ್ಲಿಯ ಕೆಲಸ. ಐಟಿಐ ಮುಗಿಸಿ ಆಕೆ ಕೆಲಸ ಕೇಳಿಕೊಂಡು ಬಂದಾಗ ಅಂಗಡಿ ಮೊಯಿದಿನಬ್ಬರದ್ದು. ಹುಡುಗಿಯನ್ನು ಕಂಡು ಅವರು ಅನುಮಾನಿಸಿದ್ದರು. ಅವರು ಆಗಷ್ಟೇ ಸುತ್ತಿಟ್ಟಿದ್ದ ತಂತಿಯ ಕಾಯಿಲನ್ನು ದಮಯಂತಿ ಕೈಗೆತ್ತಿಕೊಂಡು ಒಂದೊಂದೇ ಸುತ್ತು ಎಣಿಸಿ, ಸುಟ್ಟ ಹಳೆಯದರ ಲೆಕ್ಕಕ್ಕೆ ಹೋಲಿಸಿ, "ಇದರಲ್ಲಿ ಎರಡು ಕಮ್ಮಿ ಉಂಟು" ಎಂದಳು. ಮುದುಕರು ತಾವೂ ಎಣಿಸಿದರು. ಎರಡೇ ಕಮ್ಮಿ. ಹತ್ತೊಂಬತ್ತು ವರ್ಷಗಳ ನಂತರ ಅವರ ಕಣ್ಣು ಮಂಜಾದಾಗ ಅಂಗಡಿಯ ಬೀಗದ ಕೈಯನ್ನು ಅವಳಿಗೇ ಕೊಟ್ಟರು.

ನೇತ್ರಾವತಿ ಉಕ್ಕಿದ ಒಂದು ವರ್ಷ ಬಂಟ್ವಾಳದ ಒದ್ದೆ ಮೋಟಾರುಗಳೆಲ್ಲ ಅಂಗಡಿಯ ಮುಂದೆ ಸಾಲಾಗಿ ಕೂತಿದ್ದಾಗ ಅನಿಷಾ ಬಂದಳು. ನಾರಾವಿಯ ಜೈನರ ಮನೆಯ ಹುಡುಗಿ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸುತ್ತ ಪಿಎಚ್‌ಡಿ ಮಾಡುತ್ತಿದ್ದಳು. ಅವಳಿಗೆ ಒಂದು ಪೆಟ್ಟಿಗೆ ಬೇಕಿತ್ತು.

"ಒಳಗೆ ಒಂದು ಕೋಳಿ. ಎದುರಿಗೆ ಗಾಜಿನ ಬಿಲ್ಲೆ. ಬಿಲ್ಲೆಯಲ್ಲಿ ಕೆಂಪು ದೀಪ ಹತ್ತಿದಾಗ ಕುಕ್ಕಿದರೆ ಅಕ್ಕಿ ಬೀಳಬೇಕು, ಹಸಿರು ಹತ್ತಿದಾಗ ಬೀಳಬಾರದು. ಎಷ್ಟು ದಿನದಲ್ಲಿ ಕೋಳಿ ಅದನ್ನು ಕಲಿಯುತ್ತದೆ ಅಂತ ನೋಡುವುದು."

"ಆಮೇಲೆ ಕೋಳಿಯನ್ನು ಎಂತ ಮಾಡ್ತೀರಿ?"

"ಎಂತ ಮಾಡುವುದು ಅಕ್ಕ, ಮನೆಯ ಹಿತ್ತಿಲಿಗೆ ಬಿಡುವುದು. ನಮ್ಮ ಅಜ್ಜಿ ಆ ಷರತ್ತಿನ ಮೇಲೆಯೇ ಒಪ್ಪಿದ್ದು."

ಹೊರಗಿನಿಂದ ತರಿಸುವ ಯಂತ್ರದ ಬೆಲೆ ಕೇಳಿಯೇ ಅನಿಷಾ ಕೈಬಿಟ್ಟಿದ್ದಳು. ದಮಯಂತಿಗೋ ಹಳೆಯ ಸಾಮಾನಿನಿಂದ ಹೊಸದು ಮಾಡುವುದೆಂದರೆ ಹಬ್ಬ. ಹಲಸಿನ ಹಲಗೆಯ ಪೆಟ್ಟಿಗೆ, ಕುಕ್ಕಿದಾಗ ಒತ್ತಿಕೊಂಡು ಅಕ್ಕಿ ಬೀಳಿಸಲು ಬಿಲ್ಲೆಯ ಹಿಂದೆ ಮಿಕ್ಸಿಯ ತಳದಿಂದ ಕಿತ್ತ ಗುಂಡಿ, ಕೆಂಪು ದೀಪ ಹತ್ತಿಸಲು ರಿಲೇ ಎನ್ನುವ ಒಂದು ವಿದ್ಯುತ್ ಸ್ವಿಚ್ಚು, ಹಸಿರಿಗೆ ಇನ್ನೊಂದು. ಕೆಂಪಿನದು ಪಂಪಿನ ಪೆಟ್ಟಿಗೆಯಿಂದ ಬಂದ ದೊಡ್ಡ ರಿಲೇ, ಹಸಿರಿನದು ಚಿಕ್ಕದು. ಎರಡು ವಾರದಲ್ಲಿ ಪೆಟ್ಟಿಗೆ ಮೂಡುಬಿದಿರೆ ಸೇರಿತು.

ಮೂರು ತಿಂಗಳು ಅನಿಷಾಳ ಫೋನೆಂದರೆ ಬರೀ ಸಂತೋಷದ ಸುದ್ದಿ. ಕೋಳಿಗಳು ನೂರಕ್ಕೆ ತೊಂಬತ್ತೈದು ಸಲ ಸರಿಯಾಗಿ ಕುಕ್ಕುತ್ತಿದ್ದವು. ಮಾರ್ಗದರ್ಶಕರೂ ಬೆನ್ನು ತಟ್ಟಿದ್ದರು. ಮುಂದಿನ ವಾರ ವಿಶ್ವವಿದ್ಯಾಲಯದಲ್ಲಿ ಇದನ್ನೆಲ್ಲ ಮಂಡಿಸಬೇಕು ಎನ್ನುವಾಗ ಅಕ್ಕಿ ಬೀಳುವ ಬಾಯಿ ಕಟ್ಟಿಕೊಳ್ಳತೊಡಗಿ, ದಮಯಂತಿ ಬಸ್ಸು ಹತ್ತಿ ಹೋದಳು.

ಬಾಯಿ ಸರಿಮಾಡಿ, ಒಂದು ಕೋಳಿಯನ್ನು ಒಳಗೆ ಬಿಟ್ಟು, ಪಕ್ಕದ ಸಣ್ಣ ಕಿಂಡಿಯಿಂದ ನೋಡುತ್ತ ಕೂತಳು. ಅನಿಷಾ ತರಗತಿಗೆ ಹೋಗಿದ್ದಳು. ಕೋಳಿ ಕುಕ್ಕಿತು, ಅಕ್ಕಿ ಬಿತ್ತು. ಸ್ವಲ್ಪ ಹೊತ್ತು ಸುಮ್ಮನಿತ್ತು, ಮತ್ತೆ ಕುಕ್ಕಿತು, ಅಕ್ಕಿ ಬಿತ್ತು. ಎಲ್ಲ ಸರಿ. ಆದರೆ ಬಿಲ್ಲೆಯಲ್ಲಿ ಬೆಳಕೇ ಇರಲಿಲ್ಲ. ರಿಪೇರಿಯ ಗಡಿಬಿಡಿಯಲ್ಲಿ ಎರಡೂ ದೀಪಗಳಿಗೆ ಹೋಗುವ ತಂತಿ ಕಳಚಿತ್ತು. ಬಿಲ್ಲೆ ಕಪ್ಪಗಿತ್ತು, ಕೋಳಿ ಮಾತ್ರ ಒಂದು ಸಲವೂ ತಪ್ಪಲಿಲ್ಲ.

ದಮಯಂತಿ ಕಣ್ಣು ಮುಚ್ಚಿ ಕಿವಿಗೊಟ್ಟಳು. ದೊಡ್ಡ ರಿಲೇ 'ಟಕ್' ಎಂದಾಗ ಕೋಳಿ ಕುಕ್ಕುತ್ತಿತ್ತು. ಚಿಕ್ಕದು 'ಟಿಕ್' ಎಂದಾಗ ಸುಮ್ಮನಿರುತ್ತಿತ್ತು. ಮೂರು ತಿಂಗಳು ಕೋಳಿಗಳು ಕಲಿತದ್ದು ಬಣ್ಣವನ್ನಲ್ಲ, ಅವಳ ರಿಲೇಗಳ ಸದ್ದನ್ನು.

ಕಳಚಿದ ತಂತಿಯ ತುದಿ ಅವಳ ಬೆರಳಲ್ಲೇ ಇತ್ತು. ಸಿಕ್ಕಿಸಿದರೆ ಅರೆ ನಿಮಿಷದ ಕೆಲಸ. ದೀಪ ಹತ್ತುತ್ತದೆ, ಅನಿಷಾ ಮಂಡಿಸುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ಸುತ್ತು ಕಮ್ಮಿಯಾದ ಮೋಟಾರು ಒಂದು ದಿನ ಸುಟ್ಟು ತಾನೇ ಹೇಳಿಬಿಡುತ್ತದೆ. ಇದು ಯಾವತ್ತಿಗೂ ಹೇಳುವುದಿಲ್ಲ. ಅವಳು ತಂತಿಯನ್ನು ಹಾಗೆಯೇ ಬಿಟ್ಟು, ಅನಿಷಾ ಬರುವವರೆಗೆ ಕೂತಳು.

"ಒಮ್ಮೆ ಇಲ್ಲಿ ನೋಡಿ," ಎಂದು ಕಿಂಡಿ ತೋರಿಸಿದಳು.

ಅನಿಷಾ ನೋಡಿದಳು. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಕುರ್ಚಿಗೆ ಒರಗಿ ಮುಖ ಮುಚ್ಚಿಕೊಂಡಳು. "ಮೂರು ತಿಂಗಳು ಅಕ್ಕ... ಎಲ್ಲ ಹೋಯಿತಲ್ಲ."

"ತಪ್ಪು ನನ್ನದು. ಸದ್ದಿನ ವಿಷಯ ನನ್ನ ತಲೆಗೇ ಹೋಗಲಿಲ್ಲ."

"ನನ್ನ ತಲೆಗೆ ಹೋಗಬೇಕಿತ್ತು. ಪಾಠ ಮಾಡುವವಳು ನಾನು." ಅವಳ ದನಿಯಲ್ಲಿ ಸಿಟ್ಟಿತ್ತು. ದಮಯಂತಿ ಕೋಳಿಯನ್ನು ಹೊರಗೆ ತೆಗೆದಳು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ವಾಪಸಾದಳು.

ಹತ್ತು ದಿನ ಫೋನು ಬರಲಿಲ್ಲ. ಆ ಹತ್ತು ದಿನದಲ್ಲಿ ದಮಯಂತಿ ರಿಲೇಗಳನ್ನು ಕಿತ್ತು, ಅದೇ ಕೆಲಸವನ್ನು ಸದ್ದೇ ಇಲ್ಲದೆ ಮಾಡುವ ಟ್ರಾನ್ಸಿಸ್ಟರು ಕೂರಿಸಿದಳು. ಎರಡೂ ದೀಪಗಳ ಬೆಳಕು ಸಮನಾಗುವಂತೆ ನೋಡಿಕೊಂಡಳು. ಬೇರೆ ಸದ್ದೇನಾದರೂ ಉಳಿದಿದ್ದರೆ ಮುಚ್ಚಿಹೋಗಲೆಂದು ಸದಾ ಗುಂಯ್‌ಗುಡುವ ಸಣ್ಣ ಫ್ಯಾನೊಂದನ್ನು ಜೋಡಿಸಿದಳು. ಮೊಯಿದಿನಬ್ಬರನ್ನು ಕರೆಸಿ, ಪೆಟ್ಟಿಗೆಗೆ ಕಿವಿ ಹಚ್ಚಿ ಕೂರಿಸಿದಳು. ಕಣ್ಣು ಕಾಣದ ಅವರ ಕಿವಿ ಬಲು ಚುರುಕು.

"ಈಗ ಕೆಂಪೋ ಹಸಿರೋ, ಹೇಳಿ?"

"ಎಂತ ಗೊತ್ತಾಗುವುದು ಮಾರಾಯ್ತಿ, ಬರೀ ಗಾಳಿ ಕೇಳ್ತದೆ."

ಹನ್ನೊಂದನೆಯ ದಿನ ಅನಿಷಾಳೇ ಅಂಗಡಿಗೆ ಬಂದಳು. ಮಾರ್ಗದರ್ಶಕರಿಗೆ ಎಲ್ಲ ಹೇಳಿದ್ದಳು. ಅವರು ಆರು ತಿಂಗಳು ಹೆಚ್ಚು ಕೊಟ್ಟಿದ್ದರು. "ಮೊದಲಿಂದ ಶುರು ಮಾಡುವ ಅಕ್ಕ," ಎಂದಳು.

ಈ ಸಲ ಮೊಟ್ಟೆಯೊಡೆದು ಬಂದು ನಾಲ್ಕೇ ತಿಂಗಳಾದ ಹೊಸ ಕೋಳಿಗಳು. ಕಲಿಯಲು ಹೆಚ್ಚು ದಿನ ತೆಗೆದುಕೊಂಡವು. ನೂರಕ್ಕೆ ಎಂಬತ್ತೆರಡರ ಮೇಲೆ ಏರಲೂ ಇಲ್ಲ. ಆದರೆ ಪ್ರತಿ ವಾರ ಒಮ್ಮೆ ಬಿಲ್ಲೆಗೆ ಕಪ್ಪು ಟೇಪು ಅಂಟಿಸಿ ನೋಡುತ್ತಿದ್ದರು. ಟೇಪು ಅಂಟಿಸಿದ ಕೂಡಲೇ ಕೋಳಿಗಳು ದಿಕ್ಕು ತಪ್ಪಿ, ಸರಿಯೂ ತಪ್ಪೂ ಅರ್ಧರ್ಧವಾಗಿ ಕುಕ್ಕಿದವು. ಕೋಳಿ ತಪ್ಪು ಮಾಡುವುದನ್ನು ನೋಡಿ ಇಬ್ಬರು ಹೆಂಗಸರು ಚಪ್ಪಾಳೆ ಹೊಡೆದದ್ದು ಕಾಲೇಜಿನ ಜವಾನನಿಗೆ ಇವತ್ತಿಗೂ ಬಿಡಿಸಲಾಗದ ಒಗಟು.

ಪ್ರಬಂಧ ಅಚ್ಚಾಗಿ ಬಂದಾಗ ಅನಿಷಾ ಒಂದು ಪುಟ ತೆರೆದು ತೋರಿಸಿದಳು. ಮೊದಲ ಪೆಟ್ಟಿಗೆಯ ರಿಲೇ ಸದ್ದಿನ ಕತೆ ಪೂರ್ತಿ ಅಲ್ಲಿತ್ತು. ಅದನ್ನು ಕಂಡುಹಿಡಿದವರು ದಮಯಂತಿ, ಮೆಲ್ಕಾರ್ ಎಂದೂ ಇತ್ತು.

"ನನ್ನ ತಪ್ಪನ್ನು ಯಾಕೆ ಬರೆದದ್ದು?"

"ಇನ್ನೊಬ್ಬರು ಹೀಗೆ ಬೀಳಬಾರದಲ್ಲ ಅಕ್ಕ."

ದಮಯಂತಿ ಆ ಪುಟವನ್ನು ಎರಡು ಸಲ ಓದಿದಳು. ಇಂಗ್ಲಿಷು ತಡವರಿಸಿದರೂ ರಿಲೇಗಳ ಅಳತೆ ಸರಿಯಾಗಿತ್ತು. "ಫ್ಯಾನಿನ ವೋಲ್ಟೇಜು ಮಾತ್ರ ತಪ್ಪಿದೆ. ಒಂಬತ್ತಲ್ಲ, ಹನ್ನೆರಡು," ಎಂದು ಕಿವಿಯ ಮೇಲಿದ್ದ ಪೆನ್ನು ತೆಗೆದು ತಿದ್ದಿದಳು.