ಬೀಳು ಹೊಲದಲ್ಲಿ ಚರಗ

ಮರಗಮ್ಮ ಕಟ್ಟಿದ ಮನೆಗಳಿಗೆ ಲೆಕ್ಕವಿಲ್ಲ, ತನ್ನದು ಅಂತ ಇದ್ದ ಮನೆ ಒಂದೂ ಇಲ್ಲ. ಆಳಂದದ ಕಡೆಯಿಂದ ಗಂಡ ಸಿದ್ರಾಮನ ಜೊತೆ ಮುಂಬಯಿಗೆ ಬಂದವಳು ಕೋಪರಖೈರಣೆಯಲ್ಲಿ ಇಟ್ಟಿಗೆ ಹೊತ್ತಳು, ಸಾನಪಾಡಾದಲ್ಲಿ ಮರಳು ಹೊತ್ತಳು. ಬಿಲ್ಡಿಂಗ್ ಮುಗಿಯುವ ತನಕ ಅದರ ಬುಡದಲ್ಲೊಂದು ತಗಡಿನ ಶೆಡ್ಡು. ಬಣ್ಣ ಹಚ್ಚುವವರು ಬಂದರೋ, ಶೆಡ್ಡು ಕಿತ್ತುಕೊಂಡು ಮುಂದಕ್ಕೆ ನಡೆ. ಗಂಟು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಅವಳ ಜೀವ ಹಣ್ಣಾಗಿಹೋಗಿತ್ತು.

ಅಂಥವಳಿಗೆ ತೊಂಬತ್ನಾಲ್ಕರ ಮಳೆಗಾಲ ಮುಗಿದಾಗ ಕಲ್ಯಾಣದಾಚೆಯ ಹಳ್ಳಿಯಲ್ಲಿ ಮನೆ ಸಿಕ್ಕಿತು. ಹಳ್ಳಿ ಅಂದರೇನು, ಅರ್ಧ ಬೀಗ, ಇನ್ನರ್ಧ ಮುದುಕರು. ದುಡಿಯುವವರೆಲ್ಲ ಡೊಂಬಿವಲಿ ಸೇರಿಬಿಟ್ಟಿದ್ದರು. ಹಾಗೆ ಹೋದವರಲ್ಲಿ ದಿಲೀಪನೂ ಒಬ್ಬ. ಸಿದ್ರಾಮ ಈಗ ಹಮಾಲಿ ಮಾಡುತ್ತಿದ್ದ ಕಾರ್ಖಾನೆಯಲ್ಲೇ ದಿಲೀಪ ಸೂಪರ್‌ವೈಸರು. ನೆಲ ಸಾರಿಸಿ, ಗೆದ್ದಲು ಹತ್ತದ ಹಾಗೆ ನೋಡಿಕೊಂಡರೆ ಸಾಕು, ಬಾಡಿಗೆ ಬೇಡ ಎಂದು ತನ್ನ ಹಳೇ ಮನೆಯ ಕೀಲಿಕೈ ಕೊಟ್ಟ.

ಮನೆಯೇನೋ ಸಿಕ್ಕಿತು, ಊರು ಸಿಗಬೇಕಲ್ಲ! ಬಾವಿಗೆ ಹೋದರೆ ಮುದುಕಿಯರು ತಮ್ಮ ಕೊಡ ಸರಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಚಂಪಾಬಾಯಿಗೆ ಮಾತ್ರ ಮೊಣಕಾಲು ನೋವು, ನೀರು ಸೇದಲು ಆಗದು. ಮರಗಮ್ಮ ದಿನಾ ಅವಳಿಗೂ ಒಂದು ಕೊಡ ತಂದಿಟ್ಟಳು. ದೀಪಾವಳಿ ಹೊತ್ತಿಗೆ ಚಂಪಾಬಾಯಿ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಚಹಾ ಕೊಡುವಷ್ಟಾಯಿತು. ಈ ಮನೆಯೊಂದು ನಿಂತರೆ ಸಾಕಪ್ಪಾ ದೇವರೇ ಎಂದು ಮರಗಮ್ಮ ಬೇಡಿಕೊಳ್ಳದ ದಿನವಿಲ್ಲ.

ಆಮೇಲೆ ಬಂತು ನೋಡಿ, ಎಳ್ಳ ಅಮಾವಾಸ್ಯೆ. ನಮ್ಮ ಕಲಬುರಗಿ ಕಡೆ ಅವತ್ತು ಹೊಲದಲ್ಲೇ ಊಟ. ಉಣ್ಣುವ ಮೊದಲು ಭೂಮಿತಾಯಿಗೆ ಚರಗ ಚೆಲ್ಲಬೇಕು, ಮಾಡಿದ ಅಡುಗೆಯಲ್ಲೆಲ್ಲ ಒಂದೊಂದಿಷ್ಟು ಹೊಲದ ತುಂಬ ಎಸೆಯಬೇಕು. ಶೆಡ್ಡಿನಲ್ಲಿದ್ದಾಗ ಸಿಮೆಂಟಿನ ಮೇಲೆ ಏನು ಚೆಲ್ಲುತ್ತೀರಿ, ಮಣ್ಣಾಂಗಟ್ಟಿ! ಈಗ ಮನೆಯ ಹಿಂದೆಯೇ ದಿಲೀಪನ ಹೊಲವಿತ್ತು, ಬೀಳು ಬಿದ್ದದ್ದು. ಮರಗಮ್ಮ ಸಜ್ಜಿ ರೊಟ್ಟಿ, ಭಜ್ಜಿ, ಕಡಬು ಮಾಡಿಕೊಂಡು ಹೋಗಿ, "ಹುಲ್ಲುಲ್ಲಿಗೋ" ಎಂದು ಕೂಗುತ್ತ ನಾಲ್ಕೂ ದಿಕ್ಕಿಗೆ ಎಸೆದಳು.

ನೋಡಿದ ಮುದುಕರು ಹೌಹಾರಿದರು. ಅಮಾವಾಸ್ಯೆ, ಎಲ್ಲಿಂದಲೋ ಬಂದ ಹೆಂಗಸು, ಬೇಯಿಸಿದ ಅಡುಗೆ, ಮೇಲೊಂದು ಕೂಗು. ಮಾಟವಲ್ಲದೆ ಮತ್ತೇನು? ಸುದ್ದಿ ಡೊಂಬಿವಲಿ ಮುಟ್ಟಿತು, ರಜೆಯ ದಿನ ದಿಲೀಪ ಬಂದ.

"ಹೇ ಕಾಯ್ ಕೇಲಂಸ್, ಬಾಯಿ?" ಇದೇನು ಮಾಡಿದೆ ಎಂದು ಕೇಳುವಾಗಲೂ ಅವನ ಮುಖದಲ್ಲಿ ಅರ್ಧ ನಗುವೇ ಇತ್ತು. ಮಾಟಗೀಟಕ್ಕೆಲ್ಲ ಹೆದರುವವನಲ್ಲ.

ಮರಗಮ್ಮ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ತಿಳಿಸಿ ಹೇಳಿದಳು. "ಮಾಟ ಅಲ್ಲ ದಾದಾ. ಭೂಮಿತಾಯಿ ಈಗ ಬಸುರಿ ಇರ್ತಾಳ, ಆಕಿಗಿ ಬಯಕಿ ಊಟ."

ಹೊಲದಲ್ಲಿ ಬೆಳೆಯೇ ಇಲ್ಲವಲ್ಲ, ಎಂಥ ಬಸುರು ಎಂದು ನಕ್ಕ ದಿಲೀಪ.

"ಇಲ್ಲಂದ್ರ ಏನಾತು? ಇಲ್ಲಿಗಿ ಬಂದಾಗಿಂದ ನಾ ಎಲ್ಲೂ ಚರಗ ಚೆಲ್ಲಿಲ್ಲ. ಅವರವರ ಹೊಲದಾಗ ಅವರವರು ಚೆಲ್ಲೂದು ಅದು. ಇದು ನಮ್ಮದು ಅನಿಸ್ತು, ಚೆಲ್ಲಿದೆ."

ದಿಲೀಪನ ನಗು ಅಲ್ಲಿಗೇ ನಿಂತಿತು. ಅವನ ಸೋದರಮಾವನ ಗದ್ದೆ ಹೀಗೇ ನಮ್ಮದು ಎಂದು ಕೂತ ಉಳುವವನ ಪಾಲಾಗಿತ್ತು. ಕೋರ್ಟು ಅಲೆದು ಅಲೆದು ಮಾವ ಸತ್ತೇಹೋದ. ನಾಳೆಯೇ ಖಾಲಿ ಮಾಡು ಎಂದ ದಿಲೀಪ. ಗೋಡೆ ಹಿಡಿದುಕೊಂಡು ಬಂದ ಚಂಪಾಬಾಯಿ, ಇವಳು ಒಳ್ಳೆಯವಳು, ಇರಲಿ ಬಿಡಪ್ಪಾ ಎಂದಳು. ಜಮೀನು ಹೋದರೆ ನೀನು ಕೊಡ್ತೀಯಾ ಮೌಶಿ ಎಂದ. ಮುದುಕಿ ಗೋಡೆ ಹಿಡಿದುಕೊಂಡೇ ತನ್ನ ಮನೆಗೆ ತಿರುಗಿದಳು.

ಮರುದಿನ ಲೋಕಲ್ ರೈಲಿನಲ್ಲಿ ಸಿದ್ರಾಮನಿಗೆ ತಡೆಯಲಾಗಲಿಲ್ಲ. "ಯಾರ ಹೇಳಂದಿದ್ರು ನಿನಗ, ನಮ್ಮದು ಅನ್ನೂ ಆ ಮಾತ? ತಪ್ಪಾತ್ರೀ ಅಂತ ಕಾಲ ಹಿಡದಿದ್ರ ಬೈದು ಬಿಡತಿದ್ದ."

ಮರಗಮ್ಮ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಈ ಮಂದ್ಯಾಗ, ಇದೇನ ಮಾಡಿದಿ ಅಂತ ನನ್ನ ಕೇಳಿದಂವ ಅವ ಒಬ್ಬನೇ," ಎಂದಳು. "ಖರೇನೇ ಹೇಳಿದೆ. ನನಗ ಹಂಗೇ ಅನಿಸಿತ್ತು."