ಹೊರೆಗಲ್ಲಿನ ಹತ್ತಿರ ಎತ್ತಿಕೊಟ್ಟವರು

ದೆವ್ವ ಭೂತ ಅಂದರೆ ನನಗೆ ಮೊದಲಿಂದಲೂ ನಗು. ನಂಬದವಳಾಗಿಯೇ ನಾನು ದೆವ್ವ ಹುಡುಕುವ ಸಂಘ ಸೇರಿದ್ದು. ನಾವು ಐದಾರು ಜನ, ರಜೆ ಸಿಕ್ಕಾಗಲೆಲ್ಲ ಬೆಂಗಳೂರಿನ ಸುತ್ತಮುತ್ತ ಹಳೇ ಮಂಟಪ, ಪಾಳು ಬಾವಿ, ಕೋಟೆ ಗೋಡೆ ಅಂತ ಅಲೆಯುತ್ತಿದ್ದೆವು. ಜನ ಹೆದರುವ ಜಾಗದಲ್ಲೇ ಕೂತು ಚಿತ್ರಾನ್ನ ತಿಂದು, ವಿಡಿಯೋ ಮಾಡಿ, ಏನೂ ಇಲ್ಲ ಕಣ್ರೀ ಅಂತ ಹಾಕುವುದೇ ನಮ್ಮ ಕೆಲಸ. ಈಗ ಹೇಳುವುದನ್ನು ಓದಿ ನೀವು ನಗಬಹುದು. ನಗಿ, ಪರವಾಗಿಲ್ಲ. ನಾನು ಮಾತ್ರ ಮಾತು ಬದಲಿಸುವವಳಲ್ಲ.

ನಮ್ಮ ಊರು ಸರ್ಜಾಪುರದ ಆಚೆ. ಊರಿಗೆ ಹೋಗುವ ದಾರಿಯಲ್ಲೇ ಒಂದು ಹೊರೆಗಲ್ಲಿದೆ. ಎರಡು ನಿಲುವುಗಲ್ಲು, ಮೇಲೊಂದು ಅಡ್ಡ ಚಪ್ಪಡಿ. ತಲೆಹೊರೆ ಹೊತ್ತು ನಡೆಯುವವರು ಅದರ ಮೇಲೆ ಹೊರೆ ಜಾರಿಸಿ, ಸುಧಾರಿಸಿಕೊಂಡು, ಯಾರ ಹಂಗೂ ಇಲ್ಲದೆ ಮತ್ತೆ ತಲೆಗೇರಿಸಿಕೊಳ್ಳಲಿ ಅಂತ ನೆಟ್ಟದ್ದು. ಹುಲ್ಲಿನ ಹೊರೆ ಹೊತ್ತು ಬರುವಾಗ ಅಲ್ಲೇ ಕುಸಿದು ಸತ್ತ ಬಸುರಿಯೊಬ್ಬಳ ನೆನಪಿಗೆ ನಿಲ್ಲಿಸಿದರಂತೆ. ಅವಳು ಯಾರ ಮನೆಯವಳು ಅನ್ನುವುದು ಈಗ ಯಾರಿಗೂ ನೆನಪಿಲ್ಲ. ಉರಿ ಮಧ್ಯಾಹ್ನ ಅಲ್ಲಿ ಹೊರೆ ಇಟ್ಟರೆ ಮೈಮೇಲೆ ಬರುತ್ತಾಳೆ ಅನ್ನುವುದು ಮಾತ್ರ ಎಲ್ಲರಿಗೂ ಚೆನ್ನಾಗಿ ನೆನಪಿದೆ!

ಪಕ್ಕದಲ್ಲಿ ಲೇಔಟ್ ಎದ್ದಿತು. ಗೇಟಿನ ಎದುರು ಆ ಕಲ್ಲು ಇರುವುದು ಅದರ ಮ್ಯಾನೇಜರ್‌ಗೆ ಬೇಡ. ದೆವ್ವದ ಕಲ್ಲು, ಊರಿಗೆ ಒಳ್ಳೇದಲ್ಲ, ಕಿತ್ತು ಹಾಕ್ತೀವಿ ಅಂತ ಊರವರ ತಲೆ ತಿಂದ. ಅರ್ಧ ಊರು ಹೂಂ ಅಂದುಬಿಟ್ಟಿತು. ನಮ್ಮಜ್ಜಿ ಜೀವಮಾನವೆಲ್ಲ ಹೊರೆ ಇಳಿಸಿದ ಕಲ್ಲು ಅದು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ದೆವ್ವವಿಲ್ಲ ಅಂತ ತೋರಿಸಿದರೆ ಕಲ್ಲು ಉಳಿಯುತ್ತದೆ ಅಂತ ಹಟ ಹಿಡಿದೆ. ಕಲ್ಲಿನ ವಿಷಯ ತೀರ್ಮಾನಿಸುವ ಊರ ಸಭೆಯ ಹಿಂದಿನ ದಿನ, ಮಧ್ಯಾಹ್ನವೇ, ನಮ್ಮ ಸಂಘವನ್ನು ಕರೆದುಕೊಂಡು ಹೋದೆ.

"ಬ್ಯಾಡ ಕಣವ್ವ, ಈ ಒತ್ನಲ್ಲಿ ಓಗ್ಬ್ಯಾಡ," ಅಂದರು ಅಜ್ಜಿ. ಬೇಡ ಬೇಡ ಅನ್ನುತ್ತಲೇ ಸೀಮೆಹುಲ್ಲಿನ ಹೊರೆ ಕಟ್ಟಿ, ತಲೆಗೆ ಬಟ್ಟೆಯ ಸಿಂಬೆ ಸುತ್ತಿ ಕೊಟ್ಟವರೂ ಅವರೇ.

ಕಲ್ಲಿನವರೆಗೆ ಹೋಗುವಷ್ಟರಲ್ಲಿ ನನ್ನ ಕತ್ತು ಬಿದ್ದುಹೋಗಿತ್ತು. ಹೊರೆ ಜಾರಿಸಿ ಇಟ್ಟೆ. ಏನೂ ಆಗಲಿಲ್ಲ. ಪೀಣ್ಯದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಗೆಳೆಯ ಇಮ್ರಾನ್ ರಸ್ತೆಯ ಆಚೆ ಬದಿಯಿಂದ ಶೂಟ್ ಮಾಡುತ್ತಿದ್ದ, ಉಳಿದವರು ಅವನ ಹಿಂದೆ ನಿಂತಿದ್ದರು. ಸರಿ, ಹೊರಡೋಣ ಅಂದರೆ ಹೊರೆ ಎತ್ತಿಕೊಳ್ಳಲು ಆಗುತ್ತಿಲ್ಲ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರಿದೆ, ತಲೆಮಟ್ಟಕ್ಕಿದ್ದ ಚಪ್ಪಡಿ ಎದೆಮಟ್ಟಕ್ಕೆ ಬಂದಿದೆ. ಬಗ್ಗಿ, ಎರಡೂ ಕೈಯಲ್ಲಿ ಸಿಂಬೆ ಹಿಡಿದುಕೊಂಡು, "ಯಾರಾದ್ರೂ ಬಂದು ಒಂಚೂರು ಎತ್ತಿಕೊಡ್ರೋ," ಅಂತ ಕೂಗಿದೆ.

ಹಿಂದಿನಿಂದ ಹೊರೆ ಎದ್ದಿತು. ಮೆತ್ತಗೆ ತಲೆಯ ಮೇಲೆ ಕೂತಿತು. ಕಿವಿಯ ಪಕ್ಕದಲ್ಲಿ ದಣಿದವರ ಒಂದು ಉಸಿರು, ಅಷ್ಟೇ. "ಥ್ಯಾಂಕ್ಸ್ ಮಗಾ," ಅಂತ ತಿರುಗಿದರೆ ಇಮ್ರಾನ್ ಇನ್ನೂ ಆಚೆ ಬದಿಯಲ್ಲೇ ಇದ್ದ. ಎಲ್ಲರೂ ಅಲ್ಲೇ ಇದ್ದರು.

ವಿಡಿಯೋದಲ್ಲಿ ಎಲ್ಲ ಇತ್ತು. ನನ್ನ ಎರಡೂ ಕೈ ಸಿಂಬೆಯ ಮೇಲಿವೆ, ಹೊರೆ ತಾನಾಗಿ ಏಳುತ್ತದೆ. "ಡಿಲೀಟ್ ಮಾಡ್ಬಿಡೋಣ ಕಣೇ. ಇದನ್ನ ತೋರಿಸಿದ್ರೆ ಕಲ್ಲು ಹೋಯ್ತು ಅಂತಾನೇ ಲೆಕ್ಕ," ಅಂದ ಇಮ್ರಾನ್. ಅವನು ಹೇಳಿದ್ದು ಸರಿಯೇ. ಆದರೆ ಎತ್ತಿಕೊಟ್ಟವಳನ್ನು ಇಲ್ಲ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ಸಭೆಯಲ್ಲಿ ತೋರಿಸಿಯೇಬಿಟ್ಟೆ. "ಇದ್ದಾಳೆ ಅಂತಾನೇ ಇಟ್ಕೊಳ್ಳಿ. ಏನು ಮಾಡಿದ್ಲು? ಕತ್ತು ಹಿಸುಕಿದ್ಲಾ? ಹೊರೆ ಎತ್ತಿಕೊಟ್ಲು! ಅಂಥವಳನ್ನ ಓಡಿಸ್ತೀರಾ?" ಅಂದೆ. ಮ್ಯಾನೇಜರ್ ನಕ್ಕ.

"ಏನ್ ಮೇಡಂ, ಇದೆಲ್ಲ ಎಡಿಟಿಂಗ್. ದೆವ್ವಾನೂ ಇಲ್ಲ, ಗಿವ್ವಾನೂ ಇಲ್ಲ."

"ಇಲ್ವಾ ಸಾರ್? ಹಂಗಾದ್ರೆ ಕಲ್ಲು ಯಾಕೆ ಕೀಳ್ತೀರಾ?"

ಮೊದಲು ನಕ್ಕವರು ಅಜ್ಜಿ. ಆಮೇಲೆ ಊರೇ ನಕ್ಕಿತು. ಗೇಟು ಪಕ್ಕಕ್ಕೆ ಸರಿಯಿತು, ಕಲ್ಲು ಇವತ್ತಿಗೂ ಅಲ್ಲೇ ಇದೆ.

ಆವತ್ತು ಎತ್ತಿಕೊಟ್ಟದ್ದು ಯಾರು? ಗೊತ್ತಿಲ್ಲ. ಇಮ್ರಾನ್ ಆ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ, ಅವನಿಗೂ ತಿಳಿಯಲಿಲ್ಲ. ಊರಿಗೆ ಹೋದಾಗಲೆಲ್ಲ ಲ್ಯಾಪ್‌ಟಾಪ್ ಬ್ಯಾಗನ್ನು ಆ ಚಪ್ಪಡಿಯ ಮೇಲಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಯಾರೂ ಬರುವುದಿಲ್ಲ. ನಾನೇ ಎತ್ತಿಕೊಂಡು ಹೊರಡುತ್ತೇನೆ. ಬರಲಿಲ್ಲವಲ್ಲ ಅಂತ ಬೇಜಾರಾಗುತ್ತದೆ ನೋಡಿ, ದೆವ್ವ ನಂಬದ ನನಗೆ!